ದಿನದ ಚಿಂತನೆ: ರೋಗಿಯ ಐದು ಗುಣಗಳು




ವಿನಯಪಿಟಕದ ಮಹಾವಗ್ಗದ ಈ ಪ್ರಸಂಗ ನಮಗೆಲ್ಲ ಗೊತ್ತು. ಹೊಟ್ಟೆಯ ಕಾಯಿಲೆಯಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಭಗವಾನರು ಆನಂದರ ಜೊತೆ ಸೇರಿ ತೊಳೆದು, ಮಂಚದ ಮೇಲೆ ಮಲಗಿಸಿದರು. ಇದನ್ನು ಸೇವೆಯ ಪಾಠವಾಗಿ ಓದುತ್ತೇವೆ. ಅಲ್ಲೇ ಮುಂದೆ, ಆರೈಕೆಗೆ ಸುಲಭನಾದ ರೋಗಿಯ ಐದು ಗುಣಗಳೂ ಬರುತ್ತವೆ:

1. ತನಗೆ ಹೊಂದುವುದನ್ನು, ಅಂದರೆ ಸಪ್ಪಾಯವಾದದ್ದನ್ನು ಸೇವಿಸುತ್ತಾನೆ.
2. ಹೊಂದುವುದರಲ್ಲೂ ಮಿತಿ ಬಲ್ಲವನು.
3. ಔಷಧ ತಪ್ಪಿಸುವುದಿಲ್ಲ.
4. ಕಾಯಿಲೆ ಹೆಚ್ಚಿದೆಯೋ, ಇಳಿದಿದೆಯೋ, ಹಾಗೇ ಇದೆಯೋ, ಇದ್ದಂತೆ ಹೇಳುತ್ತಾನೆ.
5. ನೋವನ್ನು ಸಹಿಸುತ್ತಾನೆ.

ನಾನು ಮೂರನೆಯದರಲ್ಲಿ ಪಾಸು, ನಾಲ್ಕನೆಯದರಲ್ಲಿ ಫೇಲು.

ನನಗೆ ಥೈರಾಯ್ಡ್ ಹಾರ್ಮೋನ್ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಒಂದು ಗಂಟೆ ಬಿಟ್ಟು ತಿಂಡಿ. ಒಂದು ದಿನವೂ ತಪ್ಪಿಸಿಲ್ಲ. ತೂಕ ಇಳಿಯಲೆಂದು ಅತ್ತೆ ದಿನಾ ಬಿಸಿನೀರಿಗೆ ಜೇನು ಬೆರೆಸಿ ಕೊಡುತ್ತಿದ್ದರು. ಕುಡಿದ ಮೇಲೆ ಹೊಟ್ಟೆ ಉಬ್ಬರ, ನುಲಿತ, ಬೇಧಿ. ಆದರೂ ಅತ್ತೆಗೆ "ಚೆನ್ನಾಗಿದ್ದೀನಿ" ಎನ್ನುತ್ತಿದ್ದೆ, ಡಾಕ್ಟರಿಗೆ "ಪರವಾಗಿಲ್ಲ" ಎನ್ನುತ್ತಿದ್ದೆ. ಎಲ್ಲಕ್ಕೂ ಥೈರಾಯ್ಡೇ ಕಾರಣ ಅಂದುಕೊಂಡು, ಸುಮ್ಮನಿರುವುದನ್ನೇ ಸಹನೆ ಎಂದು ತಿಳಿದಿದ್ದೆ.

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಸರಿಯಾಗಿ ಬಂದ ಮೇಲೂ ಹೊಟ್ಟೆ ಸರಿಹೋಗದಾಗ ಬಾಯಿಬಿಟ್ಟೆ. ಡಾಕ್ಟರು ಹೇಳಿದರು: "ಥೈರಾಯ್ಡ್ ಕಡಿಮೆ ಇದ್ದವರಿಗೆ ಸಾಮಾನ್ಯವಾಗಿ ಮಲಬದ್ಧತೆ. ಬೇಧಿ ಅಂತ ಮೊದಲೇ ಹೇಳಿದ್ದರೆ ಬೇರೆ ಕಡೆ ಹುಡುಕುತ್ತಿದ್ದೆ." ಫ್ರಕ್ಟೋಸ್ ಬೆರೆಸಿದ ನೀರು ಕುಡಿಸಿ, ಉಸಿರಿನಲ್ಲಿ ಹೈಡ್ರೋಜನ್ ಅಳೆದರು. ಹಣ್ಣು, ಜೇನಿನಲ್ಲಿರುವ ಆ ಸಕ್ಕರೆಯನ್ನು ನನ್ನ ಸಣ್ಣಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತದೆ. (ಹುಟ್ಟಿನಿಂದಲೇ ಬರುವ ಫ್ರಕ್ಟೋಸ್ ಕಾಯಿಲೆ ಬೇರೆ, ಅದರಲ್ಲಿ ಮಾಮೂಲಿ ಸಕ್ಕರೆಯೂ ಅಪಾಯ. ನನ್ನದು ಅದಲ್ಲ.)

ಭಿಕ್ಷುಗಳಿಗೆ ಅನುಮತಿಸಿದ ಐದು ಔಷಧಗಳಲ್ಲಿ ಜೇನೂ ಒಂದು. ಅದೇ ಜೇನು ನನಗೆ ಹೊಂದದು. ಸಪ್ಪಾಯ ಎಂಬುದು ಪದಾರ್ಥದ ಗುಣವಷ್ಟೇ ಅಲ್ಲ, ಅದನ್ನು ತಿನ್ನುವ ದೇಹಕ್ಕೂ ಸೇರಿದ್ದು ಎಂದು ಆಗ ಅರ್ಥವಾಯಿತು.

ಅತ್ತೆಗೆ ಹೇಳುವುದೇ ಕಷ್ಟವಾಯಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ದಿನ ನನ್ನ ಕೈಯಾರೆ ನಿನಗೆ ನೋವು ಕೊಡಿಸಿದೆಯಲ್ಲೇ. ಮೊದಲೇ ಹೇಳಬಾರದಿತ್ತೇನೇ?" ಎಂದರು. ಅವರ ಮನಸ್ಸು ನೋಯಬಾರದೆಂದು ಮುಚ್ಚಿಟ್ಟದ್ದೇ ಅವರನ್ನು ಹೆಚ್ಚು ನೋಯಿಸಿತ್ತು.

ಈಗ ಜೇನು, ಸೇಬು, ಮಾವು, ಕಲ್ಲಂಗಡಿ ಬಿಟ್ಟಿದ್ದೇನೆ. ಪರಂಗಿಹಣ್ಣು ಎರಡು ಹೋಳು ಹೊಂದುತ್ತದೆ, ನಾಲ್ಕಾದರೆ ಇಲ್ಲ. ಎರಡನೆಯ ಗುಣವನ್ನು ಹೊಟ್ಟೆಯೇ ಕಲಿಸುತ್ತಿದೆ. ಕೆಲವು ದಿನ ಏನೂ ತಪ್ಪು ತಿನ್ನದೆಯೂ ನುಲಿಯುತ್ತದೆ. ಐದನೆಯ ಗುಣ ಬೇಕಾಗುವುದು ಅಂಥ ದಿನ. ಹೇಳಬೇಕಾದ್ದನ್ನು ಹೇಳಿದ ಮೇಲೂ ಉಳಿಯುವ ನೋವನ್ನು ಸಹಿಸುವುದು ಸಹನೆ. ಹೇಳದೆ ನುಂಗುವುದು ಸಹನೆಯಲ್ಲ.

*ಇಂದಿನ ಅಭ್ಯಾಸ:* ನಮ್ಮನ್ನು ನೋಡಿಕೊಳ್ಳುವವರು "ಹೇಗಿದ್ದೀಯ?" ಎಂದು ಕೇಳಿದಾಗ, ಒಂದು ಉಸಿರು ನಿಂತು, ಇದ್ದದ್ದನ್ನು ಇದ್ದಂತೆ ಹೇಳೋಣ.

ಸಾಧು ಸಾಧು ಸಾಧು 🙏