ರಸ್ತೆ ಯಾರದು, ದುರಸ್ತಿ ಯಾರ ಹೊಣೆ?
ಸಾರ್ವಜನಿಕ ಡಿಜಿಟಲ್ ನಕ್ಷೆಯಲ್ಲಿ ದಾಖಲಿಸುವ ಕ್ರಮ

ಕಾರ್ಖಾನೆಯ ಅಥವಾ ಗೋದಾಮಿನ ಮುಂದಿನ ರಸ್ತೆ ಹಾಳಾದಾಗ ಮನವಿಯನ್ನು ಯಾವ ಕಚೇರಿಗೆ ಸಲ್ಲಿಸಬೇಕೆಂಬುದೇ ಮೊದಲ ತೊಡಕು. ಲೋಕೋಪಯೋಗಿ ಇಲಾಖೆ, ಪಂಚಾಯಿತಿ, ನಗರಸಭೆ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಎಂದು ಕಡತವು ಅಲೆಯುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದಿರುತ್ತದೆ. ಈ ಪ್ರಶ್ನೆಗೆ ಕಾನೂನಿನ ತೂಕವೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 198ಎ ಕಲಮಿನ ಪ್ರಕಾರ, ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದಲ್ಲಿ, ರಸ್ತೆಗೆ ಹೊಣೆಯಾದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೊಣೆಗಾರರು ಯಾರೆಂದು ತಿಳಿಯದಿದ್ದರೆ ಈ ಕಲಮು ಕಾಗದದಲ್ಲೇ ಉಳಿಯುತ್ತದೆ.

ಈ ಮಾಹಿತಿಯನ್ನು ಎಲ್ಲರಿಗೂ ಕಾಣುವಂತೆ ದಾಖಲಿಸಲು ಒಂದು ಸಾಧನವಿದೆ. ಸ್ಟೀವ್ ಕೋಸ್ಟ್ ಅವರು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಯಾರು ಬೇಕಾದರೂ ಖಾತೆ ತೆರೆದು ಮಾಹಿತಿ ಸೇರಿಸಬಹುದು, ಉಚಿತವಾಗಿ ಬಳಸಲೂಬಹುದು. ಆದರೆ ಯಾವ ವಿವರವನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬ ಶಿಸ್ತು ಅವಶ್ಯಕ.

ನಾಲ್ಕು ಬೇರೆ ಬೇರೆ ಅಂಕಣಗಳು

1. ವರ್ಗ: 'ಹೈವೇ' ಎಂಬ ಅಂಕಣವು ಸಂಚಾರ ಜಾಲದಲ್ಲಿ ರಸ್ತೆಯ ಸ್ಥಾನವನ್ನು ಸೂಚಿಸುತ್ತದೆ. ಇದರಿಂದ ಮಾಲೀಕತ್ವವನ್ನು ಊಹಿಸಕೂಡದು.

2. ಮಾಲೀಕತ್ವ: 'ಓನರ್' ಅಂಕಣದಲ್ಲಿ ಒಡೆತನ ಹೊಂದಿದ ಸಂಸ್ಥೆಯ ಹೆಸರು, 'ಓನರ್‌ಶಿಪ್' ಅಂಕಣದಲ್ಲಿ ಸರ್ಕಾರಿ, ಪೌರಸಂಸ್ಥೆ, ಖಾಸಗಿ ಎಂಬ ಬಗೆ. ಖಾಸಗಿ ವ್ಯಕ್ತಿಗಳ ಹೆಸರನ್ನು ಬರೆಯದೆ 'ಖಾಸಗಿ' ಎಂದಷ್ಟೇ ನಮೂದಿಸುವುದು ಯುಕ್ತ.

3. ನಿರ್ವಹಣೆ: 'ಆಪರೇಟರ್' ಅಂಕಣವು ಸದ್ಯ ರಸ್ತೆಯನ್ನು ನಡೆಸುತ್ತಿರುವ ಸಂಸ್ಥೆಗೆ ಮೀಸಲು.

4. ಪ್ರವೇಶ: 'ಆಕ್ಸೆಸ್' ಅಂಕಣವು ಯಾರು ಸಂಚರಿಸಬಹುದೆಂಬುದನ್ನು ಮಾತ್ರ ತಿಳಿಸುತ್ತದೆ. ಖಾಸಗಿ ರಸ್ತೆ ಸಾರ್ವಜನಿಕರಿಗೆ ತೆರೆದಿರಬಹುದು. ಸರ್ಕಾರಿ ರಸ್ತೆ ಮುಚ್ಚಿರಲೂಬಹುದು.

ಲೆಕ್ಕಪತ್ರದ ದೃಷ್ಟಿ

ಈ ವ್ಯತ್ಯಾಸವು ಸ್ಥಿರಾಸ್ತಿ ವಹಿಯನ್ನು ಬಲ್ಲವರಿಗೆ ಹೊಸದಲ್ಲ. ಸರ್ಕಾರದ ಒಪ್ಪಂದದಡಿ ಟೋಲ್ ರಸ್ತೆ ನಿರ್ಮಿಸಿ ನಡೆಸುವ ಕಂಪನಿಯನ್ನು ಗಮನಿಸಿ. ಇಂಡ್ ಎಎಸ್ 115ರ ಅನುಬಂಧ 'ಡಿ' ಅನ್ವಯಿಸುವ ಒಪ್ಪಂದಗಳಲ್ಲಿ ಆ ಕಂಪನಿಯು ರಸ್ತೆಯನ್ನು ತನ್ನ ಸ್ಥಿರಾಸ್ತಿಯೆಂದು ತೋರಿಸುವಂತಿಲ್ಲ. ತನಗೆ ದೊರೆತ ಹಕ್ಕನ್ನು ಅಮೂರ್ತ ಆಸ್ತಿಯಾಗಿ ಅಥವಾ ಹಣಕಾಸು ಆಸ್ತಿಯಾಗಿ ತೋರಿಸಬೇಕು. ನಕ್ಷೆಯಲ್ಲಿಯೂ ಅಂತಹ ಕಂಪನಿಯ ಹೆಸರು 'ಓನರ್' ಅಂಕಣಕ್ಕೆ ಸಲ್ಲದು.

ರಾಷ್ಟ್ರೀಯ ಹೆದ್ದಾರಿಗಳ ವಿಷಯವೂ ಹೀಗೆಯೇ. 1956ರ ಕಾಯ್ದೆಯ 4ನೇ ಕಲಮಿನಂತೆ ಅವು ಕೇಂದ್ರ ಸರ್ಕಾರದಲ್ಲಿ ನಿಹಿತವಾಗಿವೆ. 5ನೇ ಕಲಮಿನಂತೆ ನಿರ್ವಹಣೆಯ ಹೊಣೆಯೂ ಕೇಂದ್ರದ್ದೇ; ಆದರೆ ಅಧಿಸೂಚನೆಯ ಮೂಲಕ ಆ ಕಾರ್ಯವನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸಲು ಅವಕಾಶವಿದೆ. ಆದಕಾರಣ ಕೆಲವು ಭಾಗಗಳನ್ನು ಹೆದ್ದಾರಿ ಪ್ರಾಧಿಕಾರವೂ, ಕೆಲವನ್ನು ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೂ ನೋಡಿಕೊಳ್ಳುತ್ತವೆ. ಒಂದೇ ಹೆದ್ದಾರಿಯನ್ನು ನಕ್ಷೆಯಲ್ಲಿ ತುಂಡು ತುಂಡಾಗಿ ಗುರುತಿಸಿ, ಆಯಾ ತುಂಡಿಗೆ ಆಯಾ ಸಂಸ್ಥೆಯ ಹೆಸರು ಬರೆಯಬೇಕಾಗುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಗುತ್ತಿಗೆದಾರನು 5 ವರ್ಷ ದುರಸ್ತಿ ಮಾಡಬೇಕೆಂಬ ಷರತ್ತಿದೆ. ಅಷ್ಟರಿಂದ ಅವನು ಮಾಲೀಕನಾಗುವುದಿಲ್ಲ.

ಆಧಾರವಿಲ್ಲದೆ ನಮೂದು ಸಲ್ಲದು

ವೋಚರ್ ಇಲ್ಲದೆ ಜಮಾ-ಖರ್ಚು ಬರೆಯುವುದಿಲ್ಲ. ನಕ್ಷೆಗೂ ಇದೇ ನಿಯಮ. ಕಾಮಗಾರಿಯ ಮಾಹಿತಿ ಫಲಕ, ಕಿಲೋಮೀಟರ್ ಕಲ್ಲು, ಸರ್ಕಾರಿ ಅಧಿಸೂಚನೆ, ಬಡಾವಣೆಯ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ವಹಿಸಿದ ಹಸ್ತಾಂತರ ಪತ್ರ ಮುಂತಾದವು ಆಧಾರಗಳು. 'ಸೋರ್ಸ್' ಅಂಕಣದಲ್ಲಿ ಆಧಾರವನ್ನೂ, ಪರಿಶೀಲಿಸಿದ ದಿನಾಂಕವನ್ನೂ ನಮೂದಿಸಬೇಕು. ಹಕ್ಕುಸ್ವಾಮ್ಯವಿರುವ ಇತರ ನಕ್ಷೆಗಳಿಂದ ನಕಲು ಮಾಡುವುದು ನಿಷಿದ್ಧ.

ಆಧಾರ ದೊರೆಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು. ಮಾಹಿತಿ ಬೇರೆ ಪ್ರಾಧಿಕಾರದ ಬಳಿ ಇದ್ದರೆ, 6(3)ನೇ ಕಲಮಿನಂತೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವ ಹೊಣೆ ಕಚೇರಿಯದೇ. ಆದ್ದರಿಂದ ರಸ್ತೆ ಯಾರದೆಂದು ತಿಳಿಯದವರಿಗೆ ಈ ಮಾರ್ಗವು ವಿಶೇಷ ಉಪಯುಕ್ತ.

ಎಚ್ಚರಿಕೆ

ನಕ್ಷೆಯ ನಮೂದು ಹಕ್ಕುಪತ್ರವಲ್ಲ. ನ್ಯಾಯಾಲಯದಲ್ಲಾಗಲೀ ಬ್ಯಾಂಕಿನಲ್ಲಾಗಲೀ ಅದನ್ನು ಮಾಲೀಕತ್ವದ ಪುರಾವೆಯಾಗಿ ಮಂಡಿಸಲು ಬಾರದು. ಮನವಿಯನ್ನು ಯಾರಿಗೆ ಸಲ್ಲಿಸಬೇಕೆಂಬುದಕ್ಕೆ ಅದೊಂದು ದಾರಿಸೂಚಿ ಮಾತ್ರ. ಸಂಶಯವಿದ್ದಲ್ಲಿ ಅಂಕಣವನ್ನು ಖಾಲಿ ಬಿಡುವುದೇ ಲೇಸು. ತಪ್ಪು ಹೆಸರು ನೋಡಿದವರೆಲ್ಲರೂ ತಪ್ಪು ಕಚೇರಿಗೆ ಅಲೆಯಬೇಕಾಗುತ್ತದೆ.

ಸದಸ್ಯ ಬಾಂಧವರು ತಂತಮ್ಮ ಘಟಕದಿಂದ ಮುಖ್ಯರಸ್ತೆಯವರೆಗಿನ ಹಾದಿಯೊಂದನ್ನಾದರೂ ಆಧಾರಸಹಿತ ದಾಖಲಿಸಿದಲ್ಲಿ, ಕೈಗಾರಿಕಾ ಪ್ರದೇಶದ ಉಳಿದ ಘಟಕಗಳಿಗೂ ಸರಿಯಾದ ಕಚೇರಿಯ ವಿಳಾಸ ದೊರೆಯುತ್ತದೆ.