ಬೋರ್ ನೀರು, ಕಂದು ಹಲ್ಲು, ಮಗನ ಓದು

ಪ್ರಶ್ನೆ: ನಾವು ಇಂಗಳೇಶ್ವರದವರು. ಹೊಲದ ಬೋರ್ ನೀರೇ ಕುಡಿಯುತ್ತೇವೆ. ಎಂಟು ವರ್ಷದ ಮಗನ ಹಲ್ಲಿನ ಮೇಲೆ ಕಂದು ಕಲೆಗಳಿವೆ, ಓದಿನಲ್ಲಿ ಲಕ್ಷ್ಯವಿಲ್ಲ. ಇದು ನೀರಿನ ದೋಷವೇ?

ಉತ್ತರ: ಹಲ್ಲಿನ ಕಲೆಗೆ ಫ್ಲೋರೈಡ್ ಕಾರಣವಿರಬಹುದು, ನಿಮ್ಮ ವಿಜಯಪುರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿ.ಗ್ರಾಂ ಮಿತಿ, ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ. 1.5 ದಾಟಿದ ಕಡೆ ಮಕ್ಕಳ ಬುದ್ಧಿಮಟ್ಟ ಕಡಿಮೆ ಇರುವುದು ಕಂಡುಬಂದಿದೆ ಎಂದು ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2024ರಲ್ಲಿ ಹೇಳಿತು. ಆದರೆ ಅದು ಗುಂಪುಗಳ ಲೆಕ್ಕ, ನಿಮ್ಮ ಮಗನ ಮೇಲಿನ ತೀರ್ಪಲ್ಲ. ರಕ್ತಹೀನತೆ, ಕಣ್ಣು-ಕಿವಿಯ ತೊಂದರೆ, ನಿದ್ದೆಗೇಡು ಕೂಡ ಲಕ್ಷ್ಯ ಕೆಡಿಸುತ್ತವೆ.

ಮೊದಲು ಗ್ರಾಮ ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಮಿತಿ ಮೀರಿದ್ದರೆ ಕುಡಿಯಲಿಕ್ಕೂ ಅಡುಗೆಗೂ ಆರ್‌ಒ ಘಟಕದ ನೀರು ತನ್ನಿ. ಮಗನಿಗೆ ಚಹಾ ಬೇಡ, ಅದರಲ್ಲೂ ಫ್ಲೋರೈಡ್ ಇರುತ್ತದೆ. ಹಾಲು, ಮೊಸರು ಹೆಚ್ಚು ಕೊಡಿ. ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಮೈಗೆ ಸೇರುವುದು ಕಡಿಮೆ. ಬಸವನಬಾಗೇವಾಡಿ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ, ಕಣ್ಣು, ಕಿವಿ ತಪಾಸಣೆ ಮಾಡಿಸಿ. ಅಲ್ಲಿಯವರೆಗೆ ಓದಿನ ವಿಷಯಕ್ಕೆ ಅವನನ್ನು ಬೈಯಬೇಡಿ.