ಅಳಿಸಿದರೂ ಹೋಗದ ಸ್ನ್ಯಾಪ್‌ಶಾಟ್

ಡಿಸ್ಕ್ ತುಂಬಿದೆ ಎಂದು ಲಿನಕ್ಸ್ ಕಂಪ್ಯೂಟರಿನಿಂದ ಬೇಡದ ಸಾಫ್ಟ್‌ವೇರ್‌ಗಳನ್ನು ತೆಗೆದುಹಾಕುತ್ತೀರಿ. ಆದರೂ ಜಾಗ ಹೆಚ್ಚುವುದಿಲ್ಲ. ಓಪನ್‌ಸೂಸೆ ಹಾಕಿಕೊಂಡವರಿಗೆ ಇದು ಹೊಸದಲ್ಲ. ಅದರಲ್ಲಿರುವುದು 2009ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. ನೀವು ಸಾಫ್ಟ್‌ವೇರ್ ಹಾಕುವಾಗಲೂ ತೆಗೆಯುವಾಗಲೂ ಸ್ನ್ಯಾಪರ್ ಎಂಬ ಪ್ರೋಗ್ರಾಮ್ ಸ್ನ್ಯಾಪ್‌ಶಾಟ್‌ಗಳನ್ನು ತೆಗೆದಿಡುತ್ತದೆ.

ಸ್ನ್ಯಾಪ್‌ಶಾಟ್ ಎಂದರೆ ಪೂರ್ತಿ ನಕಲು ಅಲ್ಲ. ಒಂದೇ ದತ್ತಾಂಶಕ್ಕೆ ಎರಡು ಹೆಸರು ಬರೆದಿಟ್ಟಂತೆ. ಒಂದು ಹೆಸರು ಅಳಿಸಿದರೂ ಇನ್ನೊಂದು ಅದನ್ನು ಹಿಡಿದುಕೊಂಡಿರುತ್ತದೆ. ಹಾಗಾಗಿ ಜಾಗ ಬೇಕಾದರೆ ಹಳೆಯ ಸ್ನ್ಯಾಪ್‌ಶಾಟನ್ನೇ ಅಳಿಸಬೇಕು.

ಇಲ್ಲಿಯೇ ಹೆಚ್ಚಿನವರು ಎಡವುವುದು. 'ಆರ್‌ಎಂ' ಕಮಾಂಡ್ ಕೊಟ್ಟರೆ 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂಬ ಉತ್ತರ ಬರುತ್ತದೆ. ಆಗ ಕೆಲವರು ಸ್ನ್ಯಾಪ್‌ಶಾಟಿನ ರೀಡ್-ಓನ್ಲಿ ಗುಣವನ್ನೇ ತೆಗೆದು ಮತ್ತೆ 'ಆರ್‌ಎಂ' ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಾರಿಯ ಹೆಸರಿನಲ್ಲಿ ಒಂದು ತಪ್ಪಾದರೆ ಹೋಗುವುದು ಸ್ನ್ಯಾಪ್‌ಶಾಟ್ ಅಲ್ಲ, ನಿಮ್ಮ ಪ್ರಾಜೆಕ್ಟ್. ಸರಿಯಾದ ಕಮಾಂಡ್ 'ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್ ಡಿಲೀಟ್', ಮುಂದೆ ದಾರಿ. ಸ್ನ್ಯಾಪರ್ ತೆಗೆದದ್ದಾದರೆ 'ಸ್ನ್ಯಾಪರ್ ಡಿಲೀಟ್' ಎಂದು ಬರೆದು ಅದರ ಸಂಖ್ಯೆ ಕೊಡಿ. ಇಲ್ಲವಾದರೆ ಸ್ನ್ಯಾಪರ್‌ನ ಲೆಕ್ಕದಲ್ಲಿ ಅದು ಉಳಿದುಬಿಡುತ್ತದೆ. ಎರಡಕ್ಕೂ ರೂಟ್ ಅಧಿಕಾರ ಬೇಕು. (ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ!)

ಆಗಲೂ ಅಳಿಯದಿದ್ದರೆ ತಪ್ಪಿನ ಸಂದೇಶವನ್ನು ನಿಧಾನವಾಗಿ ಓದಿ. 'ಡೈರೆಕ್ಟರಿ ನಾಟ್ ಎಂಪ್ಟಿ' ಎಂದರೆ ಅದರ ಹೊಟ್ಟೆಯೊಳಗೆ ಇನ್ನೊಂದು ಸಬ್‌ವಾಲ್ಯೂಮ್ ಇದೆ ಎಂದರ್ಥ. ಇದು ಹೇಗೆ ಬಂತು? ಸ್ನ್ಯಾಪ್‌ಶಾಟ್ ತೆಗೆಯುವಾಗ ಒಳಗಿನ ಸಬ್‌ವಾಲ್ಯೂಮ್‌ಗಳು ಸೇರುವುದಿಲ್ಲ, ಅವುಗಳ ಜಾಗದಲ್ಲಿ ಖಾಲಿ ಫೋಲ್ಡರ್ ಮಾತ್ರ ಇರುತ್ತದೆ. ಆದರೆ ಬರೆಯಬಹುದಾದ ಸ್ನ್ಯಾಪ್‌ಶಾಟಿನಿಂದ ಒಮ್ಮೆ ಕಂಪ್ಯೂಟರ್ ಚಾಲೂ ಮಾಡಿದ್ದರೆ, ಸಿಸ್ಟಮ್‌ಡಿ ತಾನಾಗಿಯೇ 'ಮಶೀನ್ಸ್' ಎಂಬ ಸಬ್‌ವಾಲ್ಯೂಮನ್ನು ಅದರೊಳಗೆ ಮಾಡಿರಬಹುದು. 'ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್ ಲಿಸ್ಟ್' ಕೊಟ್ಟು ಪಟ್ಟಿ ನೋಡಿ, ಬೇಡವೆಂದು ಖಾತ್ರಿಯಾದ ಮೇಲೆ ಒಳಗಿನದನ್ನು ಮೊದಲು ಅಳಿಸಿ, ಹೊರಗಿನದನ್ನು ಆಮೇಲೆ.

ರೂಟ್ ಆಗಿದ್ದರೂ 'ಆಪರೇಷನ್ ನಾಟ್ ಪರ್ಮಿಟೆಡ್' ಎಂದು ಬಂದರೆ ಅದು ಡೀಫಾಲ್ಟ್ ಸಬ್‌ವಾಲ್ಯೂಮ್ ಆಗಿರಬಹುದು. 'ಗೆಟ್-ಡೀಫಾಲ್ಟ್' ಕೊಟ್ಟು ನೋಡಿ. ಅದೇ ಆಗಿದ್ದರೆ ಸ್ವಲ್ಪ ನಿಲ್ಲಿ: ನಿಮ್ಮ ಕಂಪ್ಯೂಟರ್ ಈಗ ಅದರ ಮೇಲೆಯೇ ಓಡುತ್ತಿರಬಹುದು. ಬೇರೊಂದನ್ನು ಡೀಫಾಲ್ಟ್ ಮಾಡಿ, ಮರುಚಾಲೂ ಮಾಡಿ, ಎಲ್ಲ ಸರಿಯಿದೆ ಎಂದು ಕಂಡ ಮೇಲೆ ಅಳಿಸಿ. ಬ್ಯಾಕಪ್‌ಗಾಗಿ 'ಸೆಂಡ್' ನಡೆಯುತ್ತಿದ್ದರೂ ಇದೇ ಸಂದೇಶ ಬರುತ್ತದೆ, ಮುಗಿಯುವವರೆಗೆ ಕಾಯಿರಿ.

ಕೊನೆಗೆ ಅಳಿಸಿದ್ದಾಯಿತು, ಆದರೆ ಜಾಗ ಅಷ್ಟೇ ಇದೆ! ಗಾಬರಿ ಬೇಡ. ಹೆಸರು ತಕ್ಷಣ ಹೋಗುತ್ತದೆ, ದತ್ತಾಂಶವನ್ನು ಕರ್ನಲ್ ಹಿನ್ನೆಲೆಯಲ್ಲಿ ನಿಧಾನವಾಗಿ ತೆರವು ಮಾಡುತ್ತದೆ. ಕಮಾಂಡ್ ಕೊಟ್ಟು ಝುಹರ್ ನಮಾಝಿಗೆ ಹೋಗಿ ಬಂದು ನೋಡಿ. ಅಷ್ಟಾದರೂ ಬದಲಾಗದಿದ್ದರೆ ಅದೇ ದತ್ತಾಂಶವನ್ನು ಇನ್ನೊಂದು ಸ್ನ್ಯಾಪ್‌ಶಾಟ್ ಹಿಡಿದುಕೊಂಡಿದೆ, ಪಟ್ಟಿಯನ್ನು ಮತ್ತೆ ತೆರೆಯಿರಿ.